ಸ್ಟಿಯರಿಂಗಿಗೆ ಕಪ್ಪು ಬಣ್ಣ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡುವುದು? ಬಸ್ಸಿನಿಂದ ಎಂದರೆ ಬಸ್ಸಿನ್ನೂ ತುಂಡು ತುಂಡಾಗಿ ಡಬ್ಬಿಯಲ್ಲಿದೆ. ಡ್ರೈವರನಿಂದ ಎಂದರೆ ಆತ ಬಾಗಿಲಿಗೆ ಚಿಲಕ ಹಾಕಿಕೊಂಡು ಕೂತಿದ್ದಾನೆ. (ತಟ್ಟಿದೆ. "ಆಮೇಲೆ ಬನ್ನಿ" ಅಂದ. ನನ್ನದೇ ಪಾತ್ರ, ನನಗೇ ಆಮೇಲೆ ಬನ್ನಿ!)

ಕಿಟಕಿಯಿಂದ ಇಣುಕಿದಾಗ ಕಂಡಿದ್ದಿಷ್ಟು: ಊಟದ ಮೇಜಿನ ಮೇಲೆ ಹಳೇ ಪೇಪರು. ಅದರ ಮೇಲೆ ಅಂಗೈಯಗಲದ ಆಟಿಕೆ ಬಸ್ಸಿನ ಬಿಡಿ ಭಾಗಗಳು. ಮೀಸೆ ನರೆತ ಡ್ರೈವರು ಅಂಗಿ ಗುಂಡಿಯಷ್ಟಿರುವ ಸ್ಟಿಯರಿಂಗನ್ನು ಎಡಗೈ ಬೆರಳುಗಳಲ್ಲಿ ಹಿಡಿದು, ಉಸಿರು ಕಟ್ಟಿ, ಬಲಗೈಯ ಕುಂಚವನ್ನು ಹತ್ತಿರ ತರುತ್ತಿದ್ದಾನೆ. ಕುಂಚ ಹೆಬ್ಬೆರಳಿಗೆ ಬಳಿಯಿತು, ಉಗುರಿಗೆ ಬಳಿಯಿತು, ಅಂಗಿಯ ತೋಳಿಗೂ ಬಳಿಯಿತು. ಸ್ಟಿಯರಿಂಗ್ ಮಾತ್ರ ಬೆಳ್ಳಗೇ ಉಳಿಯಿತು.

೨ (ಹರಿದು ಹಾಕಿದ ಕರಡು)

"ಬಾಲ್ಯದಿಂದಲೂ ಅವನಿಗೆ ಬಣ್ಣದ ಹುಚ್ಚು..."

ಶುದ್ಧ ಸುಳ್ಳು. ಡಬ್ಬಿ ಕೊಂಡಿದ್ದೇ ಮೊನ್ನೆ, ಅದೂ ಅಂಗಡಿಯವಳ ಮುಂದೆ "ಅಕ್ಕನ ಮೊಮ್ಮಗನಿಗೆ" ಎಂದು ತಡವರಿಸಿ. ನಿಜ ಹೇಳುತ್ತೇನೆ ಕೇಳಿ. ಇತ್ತೀಚೆಗೆ ಅವನ ಬಲಗೈ ನಡುಗುತ್ತಿದೆ. ಟೀ ಕಪ್ಪು ಸಾಸರಿನ ಮೇಲೆ ಕಟಕಟ ಎನ್ನುತ್ತದೆ. ಯಾರಿಗೂ ಹೇಳಿಲ್ಲ, ಹೆಂಡತಿಗಂತೂ ಇಲ್ಲವೇ ಇಲ್ಲ. ತನಗೆ ತಾನೇ ಒಂದು ಪರೀಕ್ಷೆ ಇಟ್ಟುಕೊಂಡಿದ್ದಾನೆ: ಈ ಪುಟಾಣಿ ಸ್ಟಿಯರಿಂಗಿಗೆ ಅಚ್ಚುಕಟ್ಟಾಗಿ ಬಣ್ಣ ಬಳಿದರೆ ಕೈ ಸರಿಯಿದೆ ಎಂದರ್ಥ. ದೊಡ್ಡ ಸ್ಟಿಯರಿಂಗ್ ಹಿಡಿಯಲು ಅಡ್ಡಿಯಿಲ್ಲ.

(ಎಂಥ ಪರೀಕ್ಷೆ ಇದು ಎಂದು ನಗಬೇಡಿ. ಹೆದರಿದವರಿಗೆ ಇಂಥವೇ ಹೊಳೆಯುವುದು.)

೩

ಚಿಮಟದಲ್ಲಿ ಹಿಡಿದ. ಸ್ಟಿಯರಿಂಗ್ ಟಣ್ಣನೆ ಹಾರಿ ಎಲ್ಲೋ ಬಿತ್ತು. ಮೇಜಿನ ಕೆಳಗೆ ತೆವಳಿ ಹುಡುಕುತ್ತಿದ್ದಾಗ ಬಾಗಿಲು ಬಡಿದ ಸದ್ದು. ಹೆಂಡತಿ ಡ್ಯೂಟಿ ಮುಗಿಸಿ ಬಂದಿದ್ದಳು. ಅವಳು ಕಂಡಕ್ಟರ್, ಬೇರೆ ರೂಟು. ಬಾಗಿಲು ತೆಗೆಯುತ್ತಲೇ ಒಳಗೆ ಕಾಲಿಟ್ಟವಳು "ಅಯ್ಯಮ್ಮಾ" ಎಂದು ಒಂಟಿ ಕಾಲಲ್ಲಿ ಕುಣಿದಳು. ಅಂಗಾಲಿಗೆ ಅಂಟಿದ್ದನ್ನು ಕಿತ್ತು ಬೆಳಕಿಗೆ ಹಿಡಿದಳು.

"ಏನ್ರೀ ಇದು, ಗೊಂಬೆಗೆ ಬಳೆ ತೊಡಿಸ್ತಿದ್ದೀರಾ?"

"ಸ್ಟಿಯರಿಂಗು ಕಣೇ. ಸುಮ್ನೆ, ಟೈಂಪಾಸು."

"ದಿನವಿಡೀ ತಿರುಗ್ಸಿದ್ದು ಸಾಲದಾ?" ಎಂದು ಬ್ಯಾಗು ಕೆಳಗಿಟ್ಟು ಪಕ್ಕದಲ್ಲಿ ಕೂತಳು. "ಬಣ್ಣ ಹಚ್ಚೋ ಕಡೇನೇ ಹಿಡ್ಕೊಂಡ್ರೆ ಹಚ್ಚೋದೆಲ್ಲಿಗೆ? ಕಾಣದೇ ಇರೋ ಜಾಗ ನೋಡಿ ಹಿಡೀಬೇಕು."

ಸ್ಟಿಯರಿಂಗಿನ ಕಡ್ಡಿಯಂಥ ಬುಡ ಹೇಗೂ ಬಸ್ಸಿನ ತೂತಿನೊಳಗೆ ಅಡಗುವಂಥದ್ದು. ಪೋಸ್ಟರ್ ಅಂಟಿಸುವ, ಹಿಟ್ಟಿನಂತೆ ಮೆತ್ತಗಿರುವ ಅಂಟನ್ನು ಹಲ್ಲುಕಡ್ಡಿಯ ತುದಿಗೆ ಉಂಡೆ ಮಾಡಿ, ಅದರೊಳಗೆ ಆ ಬುಡವನ್ನು ಚುಚ್ಚಿದಳು. ಹಲ್ಲುಕಡ್ಡಿಯನ್ನು ಬಟ್ಟೆ ಕ್ಲಿಪ್ಪಿಗೆ ಕಚ್ಚಿಸಿ ಅವನ ಎಡಗೈಗೆ ಕೊಟ್ಟಳು.

"ಈಗ ಮಣಿಕಟ್ಟಿಗೆ ಮಣಿಕಟ್ಟು ಒರಗ್ಸಿ. ಓಡೋ ಬಸ್ಸಲ್ಲಿ ನಾನು ಟಿಕೆಟ್ ಹರಿಯೋದು ಹಿಂಗೇ. ಅಲ್ಲಾಡಿದ್ರೂ ಎರಡು ಕೈಯೂ ಒಟ್ಟಿಗೆ ಅಲ್ಲಾಡ್ತವೆ. ಅಲ್ಲಿಗೆ ಅಲ್ಲಾಡದ ಹಾಗೇ."

ಕುಂಚ ಸುತ್ತಲೂ ಒಂದು ಸುತ್ತು ಹೋಗಿ ಬಂತು. ಸ್ಟಿಯರಿಂಗ್ ಕಪ್ಪಗೆ, ನುಣ್ಣಗೆ ಮಿಂಚಿತು.

ಕಥೆ ಮುಗಿಯಿತು. ಎಂಥ ಮುದ್ದಾದ ದಾಂಪತ್ಯ! (ಪೆನ್ನಿನ ಕ್ಯಾಪು ಹಾಕಿಯೂ ಆಗಿತ್ತು.)

ಅಷ್ಟರಲ್ಲಿ ಆ ಪುಣ್ಯಾತ್ಮ ಖುಷಿ ತಡೆಯಲಾಗದೆ ಕೂಗಿಬಿಟ್ಟ: "ಪಾಸು!"

೪

"ಏನು ಪಾಸು?" ಎಂದಳು ಹೆಂಡತಿ.

ಅವಳು ಕ್ಲಿಪ್ಪನ್ನು ಮೆಲ್ಲಗೆ ಕಸಿದುಕೊಂಡಳು. ಒರಗಲು ಏನೂ ಇಲ್ಲದ ಬಲಗೈ, ಕುಂಚದ ಸಮೇತ, ಗಾಳಿಯಲ್ಲಿ ನಡುಗುತ್ತಾ ನಿಂತಿತು.

"ಎಷ್ಟು ದಿನದಿಂದ?"

"ಗಟ್ಟಿಯಾಗಿ ಹಿಡ್ಕೊಂಡ್ರೆ ಗೊತ್ತಾಗಲ್ಲ ಕಣೇ."

"ಯಾರಿಗೆ?"

ಇಲ್ಲಿ ನಾನು ಬಾಯಿ ಹಾಕಿದೆ. "ಅಮ್ಮಾ, ಇದು ತಮಾಷೆ ಕಥೆ. ಬಣ್ಣ ಚೆನ್ನಾಗಿ ಬಂದಿದೆಯಲ್ಲ, ಬಿಡಿ."

ಅವಳು ನನ್ನ ಕಡೆ ತಿರುಗಿದಳು. "ನಾಳೆ ನಿಮ್ಮ ಮಕ್ಕಳನ್ನ ಇವರ ಬಸ್ಸಲ್ಲಿ ಕಳಿಸ್ತೀರಾ?"

(ಕ್ಯಾಪು ತೆಗೆದೆ.)

"ಬಸ್ಸು ಬಿಟ್ರೆ ನಂಗೇನು ಬರುತ್ತೆ?" ಎಂದ ಡ್ರೈವರು, ಬಹಳ ಸಣ್ಣ ದನಿಯಲ್ಲಿ. ಅವಳು ಅವನ ಉಗುರಿಗೆ ಮೆತ್ತಿದ್ದ ಬಣ್ಣವನ್ನು ಸೆರಗಿನ ತುದಿಯಿಂದ ಒರೆಸುತ್ತಾ ಕೂತಳು. ಅದು ಹೋಗಲಿಲ್ಲ.

೫

ಬೆಳಗ್ಗೆ ಡಿಪೋ ಸಾಹೇಬರ ಮೇಜಿನ ಮೇಲೆ ಅವನು ಬಸ್ಸಿನ ಕೀ ಇಟ್ಟ.

"ಕೈ ನಡುಗುತ್ತೆ ಸಾರ್."

"ಯಾರು ಕಂಪ್ಲೇಂಟ್ ಕೊಟ್ರು?"

"ನಾನೇ ಕೊಡ್ತಿದ್ದೀನಿ ಸಾರ್. ನನ್ನ ಮೇಲೆ."

ಸಾಹೇಬರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಡಾಕ್ಟರು ಸರಿ ಎನ್ನುವ ತನಕ ಗಾಡಿ ಮುಟ್ಟಬೇಡಿ ಎಂದರು. ಹೊರಟವನನ್ನು ಕರೆದು ಟೀ ಕುಡಿಸಿದರು. ಕಪ್ಪು ಕಟಕಟ ಎಂದಿತು. ಅವನು ಈ ಸಲ ಮುಚ್ಚಿಡಲಿಲ್ಲ.

ಮುಂದೇನು? ಬೇಕಾದ್ದು ಆರಿಸಿಕೊಳ್ಳಿ ಎಂದು ಗಂಡಹೆಂಡಿರ ಮುಂದೆ ಮುಕ್ತಾಯಗಳನ್ನು ಹರಡಿದೆ. ಡಾಕ್ಟರು "ನಿದ್ದೆ ಕಮ್ಮಿ ಅಷ್ಟೇ" ಎಂದು ಬೆನ್ನು ತಟ್ಟುವುದು. ("ಸಿನಿಮಾ ಥರ ಇದೆ," ಎಂದಳು ಅವಳು.) ದೊಡ್ಡ ಕಾಯಿಲೆಯ ಹೆಸರು ಹೇಳಿ ಎಲ್ಲರನ್ನೂ ಅಳಿಸುವುದು. ("ಅಪಶಕುನ ನುಡೀಬೇಡಿ.") ಆಟಿಕೆ ಬಸ್ಸುಗಳ ಅಂಗಡಿ ಇಡುವುದು. ("ಆ ಬಣ್ಣದ ವಾಸನೆಗೆ ನಂಗೆ ತಲೆನೋವು," ಎಂದ ಅವನು.)

ಇವರಿಬ್ಬರನ್ನು ಕಟ್ಟಿಕೊಂಡು ನಾನು ಕೆಟ್ಟೆ.

೬

ಆಸ್ಪತ್ರೆಗೆ ಅವನು ಹೋಗಿದ್ದು ಅವಳ ಬಸ್ಸಿನಲ್ಲೇ. ರಜೆ ಹಾಕಿ ಜೊತೆಗೆ ಬರುತ್ತೇನೆಂದವಳನ್ನು "ನಿನ್ ಡ್ಯೂಟಿ ನೀನು ಮಾಡು" ಎಂದು ಗದರಿದ್ದ. ನಾನೂ ಹತ್ತಿ ಹಿಂದಿನ ಸೀಟಿನಲ್ಲಿ ಕೂತೆ.

ಪ್ಯಾಸೆಂಜರ್ ಸೀಟಿನಲ್ಲಿ ಅವನಿಗೆ ಕೂರಲೇ ಬರುತ್ತಿರಲಿಲ್ಲ. ಪ್ರತಿ ಸಿಗ್ನಲ್ಲಿಗೂ ಅವನ ಬಲಗಾಲು ತಾನಾಗಿ ನೆಲ ಒತ್ತುತ್ತಿತ್ತು. ಟಿಕೆಟ್ ಹರಿಯುತ್ತಾ ಬಂದವಳು ನೋಡಿದಳು.

"ಬ್ರೇಕ್ ಅವರು ಹಾಕ್ತಾರೆ. ಕಾಲು ತೆಗೀರಿ."

ಅವನು ನಕ್ಕ. ಮುಂದಿನ ಸಿಗ್ನಲ್ಲಿನಲ್ಲಿ ಮತ್ತೆ ಒತ್ತಿದ.

ಆಸ್ಪತ್ರೆಯ ಸ್ಟಾಪ್ ಬಂತು. ಅವನು ಇಳಿದ. ಡಾಕ್ಟರು ಏನೆನ್ನುತ್ತಾರೋ ಕೇಳಿ ನಿಮಗೆ ಹೇಳಬೇಕಲ್ಲ, ನಾನೂ ಪೆನ್ನು ಹಿಡಿದು ಎದ್ದೆ. ಕಂಡಕ್ಟರ್ ಬಾಗಿಲಿಗೆ ಕೈ ಅಡ್ಡ ಹಿಡಿದಳು.

"ನೀವು ಕೂತ್ಕೊಳ್ಳಿ. ಇದು ಅವರ ಸ್ಟಾಪು."

ಸೀಟಿ ಊದಿದಳು. ಬಸ್ಸು ಹೊರಟಿತು. ಹಿಂದಿನ ಗಾಜಿನಲ್ಲಿ ಅವನು ಮೆಟ್ಟಿಲು ಹತ್ತುವುದು ಕಾಣುತ್ತಿತ್ತು, ತಿರುವಿನ ತನಕ. ಅವಳೂ ಅತ್ತಲೇ ನೋಡುತ್ತಾ, ನನ್ನ ಪಕ್ಕದವನಿಗೆ ಎರಡನೇ ಸಲ ಟಿಕೆಟ್ ಹರಿದು ಕೊಟ್ಟಳು. ಅವನೂ ಸುಮ್ಮನೆ ಇಸಕೊಂಡ.