ಕೊಸರಿಲ್ಲದ ಅಳತೆ

ಮಸಗುಪ್ಪಿಯ ಹೊಲಗಳಲ್ಲಿ ಶೇಂಗಾ ಕಾಯಿ ಕಟ್ಟಿತೆಂದರೆ ಕಾಡುಹಂದಿಗಳಿಗೆ ಹೇಗೋ ಸುದ್ದಿ ಮುಟ್ಟುತ್ತದೆ. ಬೆಳಗಾಗುವುದರೊಳಗೆ ನೇಗಿಲು ಹೊಡೆದಂತೆ ಸಾಲುಸಾಲೇ ಬುಡಮೇಲಾಗಿರುತ್ತವೆ. ಡಬ್ಬ ಬಡಿದರೆ ಒಂದು ಹೊಲ ಬಿಟ್ಟು ಬಾಜೂ ಹೊಲಕ್ಕೆ ಸರಿಯುತ್ತವೆ, ಅಷ್ಟೇ. 1936ರ ಹಂಗಾಮಿನಲ್ಲೂ ಹಾಗೇ ಆಯಿತು. ಪರವಾನಗಿ ಇದ್ದ ಮನೆಗಳವರು ಬಂದೂಕು ಇಳಿಸಿ ಒರೆಸತೊಡಗಿದರು. ಯಮನವ್ವನ ಮನೆಯ ಗೋಡೆಯ ಗೂಟ ಮಾತ್ರ ಬರಿದಾಗಿತ್ತು.

ಹಿಂದಿನ ವರ್ಷದವರೆಗೆ ಆ ಗೂಟಕ್ಕೂ ಒಂದು ಬಂದೂಕು ತೂಗುತ್ತಿತ್ತು. ಒಂಟಿ ನಳಿಕೆಯದು. ಬಾಯಿಂದ ಕರಿಮದ್ದು ಸುರಿಯಬೇಕು, ಪುಂಡಿನಾರಿನ ಉಂಡೆಯಿಟ್ಟು ಕೋಲಿನಿಂದ ಜಡಿಯಬೇಕು, ಮೇಲೆ ಛರ್ರೆ ಎಂಬ ಸೀಸದ ಸಣ್ಣ ಗುಂಡು ಹಾಕಿ ಇನ್ನೊಂದು ಉಂಡೆ ಜಡಿಯಬೇಕು, ಕೊನೆಗೆ ಹಿಂಬದಿಯಲ್ಲಿ ಕಿಡಿ ಹಾರಿಸುವ ಕೇಪು ಇಟ್ಟು ಹೊಡೆಯಬೇಕು. ಯಮನವ್ವನ ಹಿರಿಯ ಮಗ ಶೆಟ್ಟೆಪ್ಪ ಅದನ್ನು ಹಿಡಿದು ಹೊಲ ಕಾಯುತ್ತಿದ್ದ. ಹೋದ ವರ್ಷ ಶೇಂಗಾ ಕೀಳುವ ಮುಂಚೆ ಅದು ಅವನ ಕೈಯಲ್ಲೇ ಒಡೆಯಿತು. ನಳಿಕೆ ಬುಡದಲ್ಲಿ ಸೀಳಿ ಅವನ ಎಡಗೈಯನ್ನು ಒಯ್ದಿತು, ಕಬ್ಬಿಣದ ಚೂರೊಂದು ಕೊರಳಿಗೆ ನಟ್ಟಿತು. ಗೋಕಾಕದ ದವಾಖಾನೆಗೆಂದು ಚಕ್ಕಡಿ ಕಟ್ಟಿದರು. ತಾಯಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದವನ ಉಸಿರು ದಾರಿಯಲ್ಲೇ ನಿಂತಿತು. ಎತ್ತುಗಳನ್ನು ಅಲ್ಲಿಂದಲೇ ಹಿಂದಕ್ಕೆ ತಿರುಗಿಸಿದರು.

ಕಾರಣ ಹೇಳಲು ಊರವರೆಲ್ಲ ಬಂದರು. ಕಬ್ಬಿಣ ಹಳೆಯದಿತ್ತು ಎಂದರು ಕೆಲವರು. ದೃಷ್ಟಿ ತಾಗಿತು, ಹೊತ್ತು ಸರಿಯಿರಲಿಲ್ಲ ಎಂದರು ಉಳಿದವರು. ಯಮನವ್ವ ಎಲ್ಲದಕ್ಕೂ ತಲೆಯಾಡಿಸಿದಳು. ಶೆಟ್ಟೆಪ್ಪನ ಹೆಂಡತಿ ಪಾರವ್ವ ಒಂದು ಮಾತನ್ನೂ ಆಡಲಿಲ್ಲ. ಅಂದಿನಿಂದ ಅವಳು ಅತ್ತೆಯ ಜೊತೆ ಆಡುತ್ತಿದ್ದದ್ದು ಉಪ್ಪು, ನೀರು, ದನ ಇಷ್ಟರ ಮಾತು.

ಯಮನವ್ವ ಊರಲ್ಲಿ ಹೆಸರಾದದ್ದು ಕೊಸರಿಗೆ. ಅವಳು ಜೋಳ ಅಳೆದರೆ ಸೇರಿನ ಮೇಲೆ ಗೋಪುರ ಏಳಬೇಕು, ಗೋಪುರದ ಮೇಲೆ ಇನ್ನೊಂದು ಹಿಡಿ ಬೀಳಬೇಕು. ಮೆಣಸಿನಪುಡಿ ಕೇಳಿ ಬಂದ ನೆರೆಮನೆಯವಳಿಗೂ ಬಟ್ಟಲು ತುಂಬಿದ ಮೇಲೆ ಒಂದು ಚಿಟಿಕೆ ಸಿಗುತ್ತಿತ್ತು. ಬಾಯಿಮಟ್ಟ ಸವರಿ ಅಳೆಯುವುದು ಜಿಪುಣರ ಕೆಲಸವೆಂದು ಅವಳ ಅತ್ತೆ ಕಲಿಸಿದ್ದಳು. ಆ ಮನೆಯಲ್ಲಿ ಮದ್ದನ್ನೂ ಹಾಗೆಯೇ ಅಳೆಯುತ್ತಿದ್ದರು. ಅಂಗೈ ಗುಣಿ ಮಾಡಿ ತುಂಬ ಸುರಿದುಕೊಳ್ಳುವುದು, ನಳಿಕೆಗೆ ಬಿಡುವುದು, ಮೇಲೆ ಕೊಸರು. ಛರ್ರೆಗೂ ಕೊಸರು. ಅದರಲ್ಲಿ ಯಾರಿಗೂ ತಪ್ಪು ಕಂಡಿರಲಿಲ್ಲ.

ಈ ವರ್ಷ ಹಂದಿಗಳು ಹೊಲದ ಅರ್ಧ ಉತ್ತ ಮೇಲೆ ಕಿರಿಯ ಮಗ ಅಪ್ಪಣ್ಣ ಸುಮ್ಮನಿರಲಿಲ್ಲ. ಪಾರವ್ವನ ತಂದೆ ಅಲ್ಲಪ್ಪ ಹುಕ್ಕೇರಿ ಕಡೆಯ ಬೆಲ್ಲದ ಬಾಗೇವಾಡಿಯವನು. ಹರೆಯದಿಂದ ಬೇಟೆ ಬಲ್ಲವನು. ಈಗ ಕಣ್ಣು ಮಂಜಾಗಿ ಅವನ ಬಂದೂಕು ಮೂಲೆ ಸೇರಿತ್ತು. ಅಪ್ಪಣ್ಣ ತಾಲೂಕಿನ ಮಾಮಲೇದಾರ ಕಚೇರಿಗೆ ಅಲೆದು, ಪರವಾನಗಿ ತನ್ನ ಹೆಸರಿಗೆ ಮಾಡಿಸಿಕೊಂಡು, ಆ ಬಂದೂಕನ್ನು ತಂದು ಅದೇ ಗೂಟಕ್ಕೆ ತೂಗುಹಾಕಿದ. ಯಮನವ್ವ ಅಂದು ಗೋಡೆಗೆ ಬೆನ್ನು ಮಾಡಿ ಕುಳಿತು ರೊಟ್ಟಿ ಮುರಿದಳು. ಇದ್ದೊಬ್ಬ ಮಗನನ್ನು ಅದರ ಜೊತೆ ಹೊಲಕ್ಕೆ ಕಳಿಸಲು ಅವಳಿಗೆ ಮನಸ್ಸಿಲ್ಲ. ಕಳಿಸದಿದ್ದರೆ ವರ್ಷದ ಪೀಕು ಉಳಿಯುವುದಿಲ್ಲ.

ಮರುದಿನ ಬೆಳಿಗ್ಗೆ ಅಪ್ಪಣ್ಣ ಕಟ್ಟೆಯ ಮೇಲೆ ಕುಳಿತು ಅಂಗೈಗೆ ಮದ್ದು ಸುರಿದುಕೊಳ್ಳುತ್ತಿದ್ದ. ಪಾರವ್ವ ಒಳಗಿನಿಂದ ಬಂದಳು. ಅವಳ ಕೈಯಲ್ಲಿ ಎಮ್ಮೆಯ ಕೋಡಿನ ತುದಿ ಕೊಯ್ದು ಮಾಡಿದ ಸಣ್ಣ ಬಟ್ಟಲಿತ್ತು. ಬಂದೂಕು ತರಲು ಅಪ್ಪಣ್ಣನ ಜೊತೆ ತವರಿಗೆ ಹೋಗಿದ್ದಾಗ ತಂದೆ ಅದನ್ನು ಮಗಳ ಕೈಗೇ ಕೊಟ್ಟು ಕಳಿಸಿದ್ದ.

"ಅಂಗೈಲೆ ಬ್ಯಾಡ ಅಪ್ಪಣ್ಣ. ಇದರಾಗ ಅಳಿ," ಎಂದಳು.

ಅಪ್ಪಣ್ಣ ಆ ಬಟ್ಟಲನ್ನು ತಿರುಗಿಸಿ ನೋಡಿ ನಕ್ಕ. "ಇಷ್ಟ ಮದ್ದಿಗಿ ಹಂದಿ ಸಾಯೂದಿಲ್ಲ ವೈನಿ. ಸೀನತೈತಿ ಅಷ್ಟ."

"ಸೀನಿ ಓಡಿಹೋದ್ರೂ ಶೇಂಗಾ ಉಳೀತೈತಿ. ಮೊದಲ ನೀ ಉಳೀಬೇಕು."

ಅವನ ನಗು ನಿಂತಿತು. ತನ್ನ ಅಪ್ಪ ಜೀವಮಾನವಿಡೀ ಅಂಗೈಯಲ್ಲೇ ತುಂಬಿದ್ದ, ಅವನಿಗೇನಾಯಿತು ಎಂದು ಕೇಳಿದ. ಪಾರವ್ವ ದನಿ ಏರಿಸದೆ ಹೇಳಿದಳು: "ಆ ಬಂದೂಕ ಅಷ್ಟೂ ವರ್ಸ ತಡಕೋತ ಬಂತು. ಹೋದ ವರ್ಸ ತಡೀಲಿಲ್ಲ."

ಒಲೆಯ ಮುಂದಿದ್ದ ಯಮನವ್ವನ ಕೈ ಹಿಟ್ಟಿನಲ್ಲೇ ನಿಂತಿತು.

ಮದುವೆಯಾಗುವವರೆಗೆ ತಂದೆಯ ಬಂದೂಕಿಗೆ ಮದ್ದು ಅಳೆದುಕೊಡುತ್ತಿದ್ದವಳು ಪಾರವ್ವನೇ. ಆ ದಿನ ಅವಳು ತಿಳಿದದ್ದನ್ನೆಲ್ಲ ಹೇಳಿದಳು. ಪ್ರತಿ ಸಲ ಹೊಡೆದಾಗ ನಳಿಕೆಯೊಳಗೆ ಮಸಿ ಉಳಿಯುತ್ತದೆ. ತೊಳೆಯದೆ ಬಿಟ್ಟರೆ ಆ ಮಸಿ ತೇವ ಹೀರಿ ಒಳಗಿನ ಕಬ್ಬಿಣವನ್ನು ತಿನ್ನುತ್ತದೆ. ಹೊರಗಿನಿಂದ ಎಣ್ಣೆ ಹಚ್ಚಿ ಒರೆಸಿದ ನಳಿಕೆ ಹೊಳೆಯುತ್ತಿರುತ್ತದೆ, ಒಳಗೆ ತೆಳುವಾಗುತ್ತಿರುತ್ತದೆ. ಅಂಗೈ ಮಾತ್ರ ಅದೇ ಅಂಗೈ, ಕೊಸರು ಅದೇ ಕೊಸರು. ಅದಿರಲಿ, ಮದ್ದು ಹೆಚ್ಚಾದರೆ ಪೆಟ್ಟು ಹೆಚ್ಚಾಗುತ್ತದೆಂಬುದೂ ಪೂರ್ತಿ ಖರೆಯಲ್ಲ ಎಂದಳು. ಅಪ್ಪಣ್ಣ ನಂಬಲಿಲ್ಲ. ಕಣ್ಣಿಂದ ನೋಡಿದ ಮೇಲೆ ನಂಬು, ಹಳ್ಳಕ್ಕೆ ನಡೆ ಎಂದು ಪಾರವ್ವ ಹೊರಟಳು.

ಯಮನವ್ವ ಕರೆಯದೆಯೇ ಅವರ ಹಿಂದೆ ನಡೆದಳು. ಹಳ್ಳದ ದಂಡೆಯಲ್ಲಿ ಅಪ್ಪಣ್ಣ ಒಂದು ಮುರುಕು ಚಕ್ಕಡಿಗೆ ಕಲ್ಲು ಹೇರಿ, ಬಂದೂಕನ್ನು ಅದಕ್ಕೆ ಬಿಗಿದ. ಎದುರಿಗೆ ಮಣ್ಣಿನ ದಿಬ್ಬಕ್ಕೆ ಒರಗಿಸಿ ಸುಣ್ಣ ಬಳಿದ ಹಳೆಯ ಮೊರಗಳನ್ನು ನಿಲ್ಲಿಸಿದರು. ಬೆರಳಿನಿಂದ ಎಳೆಯುವ ಬಂದೂಕಿನ ಕುದುರೆಗೆ ಉದ್ದ ಹಗ್ಗ ಕಟ್ಟಿ, ಒಡ್ಡಿನ ಮರೆಗೆ ಕುಳಿತು ಎಳೆಯುವುದೆಂದಾಯಿತು. ಹೊಸದಾಗಿ ಕೈಗೆ ಬಂದ ಬಂದೂಕನ್ನು ಮೊದಲ ಸಲ ಭುಜಕ್ಕಿಟ್ಟು ಹೊಡೆಯಬಾರದೆಂದು ಪಾರವ್ವನ ತಂದೆ ಹೇಳಿದ್ದ.

ಜಡಿಯುವ ಕೋಲಿನ ಮೇಲೆ ಎರಡು ಕಚ್ಚುಗಳಿದ್ದವು. ಕೋಲು ಒಂದು ಕಚ್ಚಿನವರೆಗೆ ಇಳಿದರೆ ನಳಿಕೆ ಖಾಲಿ. ಇನ್ನೊಂದಕ್ಕೆ ನಿಂತರೆ ಒಳಗೆ ಮದ್ದಿದೆ. ಪಾರವ್ವ ಕೋಲು ಬಿಟ್ಟು ನೋಡಿ, ಖಾಲಿಯೆಂದು ಖಾತ್ರಿ ಮಾಡಿಕೊಂಡಳು. ಅರ್ಧ ಕೋಡು ಮದ್ದು ಅಳೆದು ಹಾಕಿಸಿದಳು. ಛರ್ರೆಯನ್ನು ಅದೇ ಕೋಡಿನಲ್ಲಿ, ಮದ್ದು ನಿಂತಿದ್ದ ಮಟ್ಟಕ್ಕಿಂತ ತುಸು ಮೇಲಿನವರೆಗೆ ಅಳೆದಳು. ಆ ಅಳತೆಯನ್ನು ಮುಂದೆ ಬದಲಿಸಲಿಲ್ಲ. ಹೊಡೆದ ಮೇಲೆ ಪ್ರತಿ ಸಲ ಒದ್ದೆ ಬಟ್ಟೆ, ನಂತರ ಒಣ ಬಟ್ಟೆ ಕೋಲಿಗೆ ಸುತ್ತಿ ಒಳಗೆ ಆಡಿಸಿದಳು. ಒಂದು ಕಿಡಿ ಒಳಗೆ ಉಳಿದಿದ್ದರೂ ಮುಂದಿನ ಮದ್ದು ಸುರಿಯುವಾಗ ಕೈ ಹೋಗುತ್ತದೆ ಎಂದಳು.

ಅರ್ಧ ಕೋಡಿಗೆ ಛರ್ರೆ ಮೊರದ ಹೆಣಿಗೆಯಲ್ಲಿ ಸಿಕ್ಕಿಕೊಂಡವು, ಆಚೆ ಹೋಗಲಿಲ್ಲ. ಮುಕ್ಕಾಲು ಕೋಡಿಗೆ ಮೊರದ ತುಂಬ ಒತ್ತಾಗಿ ತೂತು ಬಿದ್ದವು. ಅಪ್ಪಣ್ಣನ ಹಟಕ್ಕೆ ಕೋಡು ಪೂರ್ತಿ ತುಂಬಿ, ಬಾಯಿಮಟ್ಟ ಸವರಿ ಮತ್ತೊಮ್ಮೆ ಎಳೆದರು. ಸಪ್ಪಳ ದೊಡ್ಡದಾಯಿತು. ಕಲ್ಲು ಹೇರಿದ ಚಕ್ಕಡಿ ಹಿಂದಕ್ಕೆ ಜರುಗಿತು. ಹೊಗೆ ಕರಗಿದ ಮೇಲೆ ಹೋಗಿ ನೋಡಿದರೆ ಛರ್ರೆ ಅಂಚಿಗೆ ಚೆಲ್ಲಾಡಿ ಹೋಗಿದ್ದವು. ನಡುವೆ ಅಪ್ಪಣ್ಣನ ಅಂಗೈ ಹಿಡಿಯುವಷ್ಟು ಜಾಗ ಸುಣ್ಣದ ಬಿಳುಪಿನಲ್ಲೇ ಉಳಿದಿತ್ತು.

ಅವನು ಆ ಬಿಳುಪಿನ ಮೇಲೆ ಕೈಯಿಟ್ಟು ನೋಡಿದ. "ಇಷ್ಟ ಕೊಸರ ಹಾಕಿ ನಾವ ಹಂದೀಗಿ ದಾರಿ ಮಾಡಿ ಕೊಡತಿದ್ದಿವಿ," ಎಂದ. ಈ ಬಂದೂಕಿಗೆ ಮುಕ್ಕಾಲು ಕೋಡೇ ಅಳತೆ ಎಂದು ಗೊತ್ತಾಯಿತು. ಅವನು ಅಲ್ಲೇ ಕುಳಿತು ಕುಡಗೋಲಿನಿಂದ ಕೋಡಿನ ಮೇಲೆ ಗೆರೆ ಕೊರೆದ. ಮನೆಗೆ ಹೋಗಿ ಆ ಗೆರೆಗೆ ಕೋಡನ್ನು ಕೊಯ್ದುಬಿಡುತ್ತೇನೆ, ಆಗ ಯಾರು ತುಂಬಿದರೂ ಹೆಚ್ಚಾಗುವುದಿಲ್ಲ ಎಂದ.

ಯಮನವ್ವ ಜಾಲಿಯ ನೆರಳಿನಲ್ಲಿ ಕುಳಿತು ಎಲ್ಲವನ್ನೂ ನೋಡಿದ್ದಳು. ಈಗ ಅವಳ ಕಣ್ಣು ಮೊರದ ಮೇಲಿರಲಿಲ್ಲ, ತನ್ನ ಬಲಗೈಯ ಮೇಲಿತ್ತು. ಶೆಟ್ಟೆಪ್ಪ ಕೊನೆಯ ಸಲ ಬಂದೂಕು ತುಂಬಿದ ಸಂಜೆ ಅವಳಿಗೆ ನೆನಪಿತ್ತು. ಅವನು ಅಂಗೈ ತುಂಬ ಮದ್ದು ಬಿಟ್ಟಿದ್ದ. ಹಂದಿ ದೊಡ್ಡದಿದೆಯಂತೆ, ಇರಲಿ ಎಂದು ಅವಳೇ ಮೇಲೊಂದು ಚಿಟಿಕೆ ಹಾಕಿದ್ದಳು. ಅವ್ವನ ಕೊಸರಿಗೆ ನನ್ನದೊಂದು ಕೊಸರು ಎಂದು ಅಪ್ಪಣ್ಣ ನಗುತ್ತ ಇನ್ನೊಂದು ಹಾಕಿದ್ದ. ಮೂವರೂ ನಕ್ಕಿದ್ದರು.

ಅಪ್ಪಣ್ಣ ಚಕ್ಕಡಿ ಬಿಚ್ಚಲು ಹೋದಾಗ ಅವಳು ಸೊಸೆಯನ್ನು ಕರೆದಳು.

"ಖರೆ ಹೇಳ ಪಾರವ್ವ. ನಾ ಹಾಕಿದ ಆ ಚಿಟಿಕಿಲೆ ಹೋದ್ನೇನ ಅಂವಾ?"

ಇಲ್ಲ ಎಂದಿದ್ದರೆ ಮುದುಕಿಯ ಜೀವ ಅಷ್ಟಕ್ಕೆ ತಣಿಯುತ್ತಿತ್ತು. ಪಾರವ್ವ ಇಲ್ಲ ಎನ್ನಲಿಲ್ಲ.

"ಒಂದ ಚಿಟಿಕಿಲೆ ನಳಿಗಿ ಒಡೆಯೂದಿಲ್ರಿ ಅತ್ತಿ. ಮೂರ ಕೈ ಹಾಕಿದ್ವು. ನಾ ಬಾಗಲಾಗ ನಿಂತ ನೋಡಾಕತ್ತಿದ್ದೆ. ಅಪ್ಪನ ಮನ್ಯಾಗ ಹಿಂಗ ಹಾಕತಿದ್ದಿಲ್ಲ ಅನ್ನೂದು ಬಾಯಿಗಿ ಬಂದಿತ್ತು. ಸೊಸಿ ಆದಾಕಿ ಹೆಂಗ ಹೇಳಲಿ ಅಂತ ನುಂಗಿದೆ. ನಂದು ನಾಕನೇದ ಕೈ ಅತ್ತಿ."

ಇಬ್ಬರೂ ಅಳಲಿಲ್ಲ. ಯಮನವ್ವ ಸೊಸೆಯ ಕೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. ಅಂದು ಚಕ್ಕಡಿಯಲ್ಲಿ ಮಗನ ತಲೆ ಇದ್ದ ಜಾಗದಲ್ಲಿ ಆ ಕೈಯನ್ನು ಇಟ್ಟುಕೊಂಡು ಕುಳಿತಳು.

ಸಂಜೆ ಅಪ್ಪಣ್ಣ ಹೊಲಕ್ಕೆ ಹೊರಡಲು ಸಿದ್ಧನಾದ. ಕೊಯ್ದ ಕೋಡಿಗೆ ಮದ್ದು ಸುರಿದ. ಮದ್ದು ಬಾಯಿಯ ಮೇಲೆ ಸಣ್ಣ ಗುಡ್ಡೆಯಾಗಿ ನಿಂತಿತು. ಎದುರಿಗೆ ಕುಳಿತಿದ್ದ ಯಮನವ್ವನ ಬಲಗೈ ತನ್ನಷ್ಟಕ್ಕೆ ಎದ್ದಿತು, ಮೂರು ಬೆರಳು ಕೂಡಿಕೊಂಡು ಮದ್ದಿನ ಡಬ್ಬಿಯವರೆಗೂ ಹೋದವು. ಅವಳು ಕೈ ಹಿಂದೆಗೆದು, ನೆಲದ ಮೇಲಿದ್ದ ಬಿದಿರಿನ ಚಕ್ಕೆ ಎತ್ತಿಕೊಂಡು ಕೋಡಿನ ಬಾಯನ್ನು ಸವರಿದಳು. ಗುಡ್ಡೆ ಡಬ್ಬಿಗೆ ಬಿತ್ತು. ಅವಳ ಕೈಯಿಂದ ಬಾಯಿಮಟ್ಟದ ಅಳತೆ ಬಿದ್ದದ್ದು ಅದೇ ಮೊದಲು.

"ಸಾಕು," ಎಂದಳು.

ಜೋಳದ ಸೇರಿನ ಮೇಲೆ ಯಮನವ್ವ ಆಮೇಲೂ ಗೋಪುರ ಏಳಿಸುತ್ತಲೇ ಇದ್ದಳು. ಅದನ್ನು ಬಿಡಿರೆಂದು ನಿಮಗೂ ಯಾರೂ ಹೇಳುವುದಿಲ್ಲ. ಆದರೆ ನಿಮ್ಮ ಮನೆಯ ಗೂಟಕ್ಕೆ ಬಾಯಿಂದ ತುಂಬುವ ಬಂದೂಕು ತೂಗುತ್ತಿದ್ದರೆ ಇಂದೇ ಇಳಿಸಿ, ಬಂದೂಕಿನ ಕೆಲಸ ಬಲ್ಲವನಿಂದ ನಳಿಕೆಯ ಒಳಗನ್ನು ನೋಡಿಸಿರಿ. ಇಷ್ಟು ಮದ್ದು ಹಾಕಿರೆಂದು ಇಲ್ಲಿ ಅಂಕಿ ಬರೆದಿಲ್ಲ, ಒಂದರ ಅಳತೆ ಇನ್ನೊಂದಕ್ಕೆ ಆಗದು. ಕಡಿಮೆಯಿಂದ ಶುರುಮಾಡಿ, ಛರ್ರೆ ಒತ್ತಾಗಿ ಬಿದ್ದಲ್ಲಿ ನಿಲ್ಲಿಸಿರಿ. ಆ ಅಳತೆಗೊಂದು ಕೋಡು ಕೊಯ್ದಿಟ್ಟುಕೊಳ್ಳಿರಿ. ಹೊಸ ಬಂದೂಕಿನ ತೋಟಾ, ಅಂದರೆ ಕಾಡತೂಸು, ಒಡೆದು ತೆಗೆದ ಹೊಗೆಯಿಲ್ಲದ ಮದ್ದನ್ನು ಇದಕ್ಕೆ ಎಂದೂ ಹಾಕಬೇಡಿರಿ, ಅದರ ರಭಸಕ್ಕೆ ಈ ನಳಿಕೆ ತಡೆಯದು. ತುಂಬುವವರು ಒಬ್ಬರೇ ಇರಲಿ, ಇನ್ನೊಬ್ಬರ ಕೈ ಬೇಡ. ಕೋಲಿಗೆ ಕಚ್ಚು ಹಾಕಿ, ಖಾಲಿಯಿದೆಯೇ ಎಂದು ಮೊದಲು ನೋಡಿರಿ. ಹೊಡೆದ ದಿನವೇ ಬಿಸಿನೀರಿನಿಂದ ತೊಳೆದು ಒಣಗಿಸಿರಿ. ಇದನ್ನು ಬಲ್ಲವರು ನಿಮ್ಮ ಮನೆಯಲ್ಲಿ ಬಾಗಿಲ ಮರೆಗೆ ನಿಂತಿದ್ದರೆ, ಸೊಸೆಯಾಗಲಿ ಮಗಳಾಗಲಿ, ಕರೆದು ಕೇಳಿರಿ. ಪಾರವ್ವನ ಮಾತು ಒಂದು ವರ್ಷ ತಡವಾಯಿತು.