ಅಣ್ಣನ ಕಿವಿ, ಅಪ್ಪನ ಎಣ್ಣೆಡಬ್ಬಿ

ನಮ್ಮದು ಹೊಲಿಗೆ ಯಂತ್ರ ರಿಪೇರಿ ಮಾಡುವ ಅಂಗಡಿ. ಆಗೆಲ್ಲ ಅಲ್ಲಿ ಅಣ್ಣನ ಕಿವಿಗೇ ಹೆಚ್ಚು ಬೆಲೆ. ಯಂತ್ರದ ಹಲಗೆಗೆ ಕಿವಿಯೊತ್ತಿ, ಗಾಲಿ ತಿರುಗಿಸಿ, "ಇಲ್ಲಿ ಎಣ್ಣೆ ಸಾಲದು" ಎನ್ನುತ್ತಿದ್ದ. ಅಪ್ಪ ಬಿಚ್ಚಿ ನೋಡಿದರೆ ಅಲ್ಲೇ ಒಣಗಿರುತ್ತಿತ್ತು. ಅಣ್ಣನ ಕಾಲರಿಗೆ ಸಿಕ್ಕಿಸಿದ ಸೂಜಿ, ಬೆರಳಲ್ಲಿ ಸೀಮೆಎಣ್ಣೆ ವಾಸನೆ. ಬೀದಿಯವರು ಅವನನ್ನು "ಡಾಕ್ಟರೇ" ಎಂದೇ ಕರೆಯುತ್ತಿದ್ದರು.

ಆಮೇಲೆ ಆ ಕಿವಿಗೆ ಬೇರೆ ಯಾರಿಗೂ ಕೇಳದ ಮಾತುಗಳು ಕೇಳತೊಡಗಿದವು. ಆಸ್ಪತ್ರೆಯಲ್ಲಿ ಸ್ಕಿಜೋಫ್ರೇನಿಯಾ ಎಂಬ ಮನಸ್ಸಿನ ಕಾಯಿಲೆ ಎಂದರು, ಮಾತ್ರೆ ಕೊಟ್ಟರು. ಬರಬರುತ್ತ ಮಾತುಗಳು ಹಿಂದೆ ಸರಿದವು. ಅಣ್ಣ ಅಂಗಡಿಗೆ ಮರಳಿದ.

ಒಂದು ದಿನ ಆಸ್ಪತ್ರೆಯವರು ಸಂಶೋಧನೆಗಾಗಿ ಅವನ ಮೆದುಳಿನ ಸ್ಕ್ಯಾನ್ ಮಾಡಬಹುದೇ ಎಂದು ಕೇಳಿದರು. ಮೆದುಳಿನ ಜೀವಕೋಶಗಳನ್ನು ಕಾಯುವ ಆಂಟಿಆಕ್ಸಿಡೆಂಟ್ ಎಂಬ ವಸ್ತು ಎಷ್ಟಿದೆ ಎಂದು ನೋಡಬೇಕಂತೆ. ಈ ಕಾಯಿಲೆಯ ಕೆಲವರಲ್ಲಿ ಅದು ತುಸು ಕಡಿಮೆ ಇರಬಹುದಂತೆ. "ಅದು ಕಡಿಮೆಯಾದ್ರೆ, ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತಲ್ಲ, ಹಾಗೆ ಅಂದ್ಕೊಳ್ಳಿ" ಎಂದರು ಡಾಕ್ಟರು.

ತುಕ್ಕು ಎಂದದ್ದೇ ತಡ, ಅಪ್ಪನಿಗೆ ಎಲ್ಲ ಅರ್ಥವಾಗಿಹೋಯಿತು. ನಮ್ಮ ಕಸುಬಿನಲ್ಲಿ ಹಳೇ ಎಣ್ಣೆಯನ್ನು ತೊಳೆದು ತೆಗೆಯದೆ ಹೊಸದು ಬಿಡುವಂತಿಲ್ಲ. ಇದೂ ಹಾಗೆಯೇ ಎಂದುಕೊಂಡು ಅಪ್ಪ ಮಾತ್ರೆ ನಿಲ್ಲಿಸಿ, ಆಂಟಿಆಕ್ಸಿಡೆಂಟ್ ಪುಡಿಯ ಡಬ್ಬಿ ತಂದ.

ಕೆಲವೇ ವಾರಗಳಲ್ಲಿ ಅಣ್ಣ ಕಿವಿಗೆ ಬಟ್ಟೆಚೂರು ತುರುಕಿಕೊಂಡು ಮೂಲೆಯಲ್ಲಿ ಕೂರತೊಡಗಿದ. ಯಂತ್ರ ಮುಟ್ಟಲೊಲ್ಲ, ಊಟಕ್ಕೆ ಏಳಲೊಲ್ಲ.

ಪಕ್ಕದ ಮನೆಯ ನರ್ಸಕ್ಕ ರಿಪೇರಿಗೆ ಕೊಟ್ಟಿದ್ದ ತನ್ನ ಯಂತ್ರ ಒಯ್ಯಲು ಬಂದವಳು ಅವನನ್ನು ನೋಡಿ ನಿಂತಳು. "ಮಾತ್ರೆ ತಗೊಳ್ತಿದ್ದಾನಾ, ಮಾವ?"

"ಹಳೇದು ನಿಲ್ಲಿಸಿ ಹೊಸದು ಹಾಕ್ತಿದೀನಿ ಕಣಮ್ಮ." ಅಪ್ಪ ಡಬ್ಬಿ ತೋರಿಸಿದ. "ತುಕ್ಕಿಗೆ."

"ಡಾಕ್ಟರು ಹೇಳಿದ್ರಾ?"

"ಹುಟ್ಟಿದಾಗಿಂದ ತುಕ್ಕು ಬಿಡಿಸ್ತಿರೋನು ನಾನು. ಅವರನ್ನೇನು ಕೇಳೋದು?"

"ಹಾಗಾದ್ರೆ ನನ್ನ ಮಂಡಿನೋವಿಗೂ ಒಂದೆರಡು ಹನಿ ಎಣ್ಣೆ ಬಿಡಿ." ನರ್ಸಕ್ಕ ಸ್ಟೂಲೆಳೆದು ಕೂತಳು. "ಮಾವ, ತುಕ್ಕು ಅಂದಿದ್ದು ನಮಗೆ ಅರ್ಥ ಆಗ್ಲಿ ಅಂತ. ಆ ವಸ್ತು ಯಾಕೆ ಕಡಿಮೆ ಆಗುತ್ತೆ, ತುಂಬಿಕೊಟ್ರೆ ಗುಣ ಆಗುತ್ತಾ ಅಂತ ಅವರೇ ಇನ್ನೂ ಹುಡುಕ್ತಿದಾರೆ. ಅದಕ್ಕೇ ಸ್ಕ್ಯಾನು. ಇವನನ್ನ ಇಷ್ಟು ದಿನ ಕಾದಿದ್ದು ಆ ಮಾತ್ರೆ."

"ಆ ಸ್ಕ್ಯಾನಿನೊಳಗೆ ಕರೆಂಟ್ ಕೊಡ್ತಾರಂತಲ್ಲ?" ಎಂದ ಅಪ್ಪ.

"ಅಯಸ್ಕಾಂತದ ಯಂತ್ರ ಅದು. ಅಲ್ಲಾಡದೆ ಮಲಗಿರೋದು, ಅಷ್ಟೇ. ಕುಯ್ಯೋದಿಲ್ಲ, ಮನಸಲ್ಲಿರೋದನ್ನ ಓದೋದೂ ಇಲ್ಲ. ಸ್ಕ್ಯಾನ್ ಬೇಡ ಅಂದ್ರೂ ಚಿಕಿತ್ಸೆ ನಿಲ್ಲಲ್ಲ." ಅವಳು ಅಣ್ಣನ ಕಡೆ ನೋಡಿದಳು. "ನನ್ನ ಹೊಲಿಗೆ ಯಂತ್ರ ಬಿಚ್ಚಿಟ್ಟು ವಾರಗಟ್ಟಲೆ ಬಿಟ್ರಿ, ನಾನು ಸುಮ್ನಿದ್ದೆ. ಇವನನ್ನ ಹಾಗೆ ಬಿಡೋಕಾಗುತ್ತಾ?"

ಅಪ್ಪ ಕೈ ಒರೆಸಿಕೊಂಡು ಅಂಗಡಿ ಬಾಗಿಲೆಳೆದ. ಎಲ್ಲರೂ ಆಸ್ಪತ್ರೆಗೆ ಹೋದೆವು. ಡಾಕ್ಟರು ಮಾತ್ರೆಯನ್ನು ಮತ್ತೆ ಶುರುಮಾಡಿದರು.

ಚೇತರಿಸಿಕೊಂಡ ಮೇಲೆ ಅಣ್ಣ ತಾನೇ ಸ್ಕ್ಯಾನಿಗೆ ಒಪ್ಪಿದ. ಲೋಹ ಒಯ್ಯುವಂತಿಲ್ಲವೆಂದು ಕಾಲರಿನ ಸೂಜಿ ತೆಗೆಸಿ ನನ್ನ ಕೈಗಿತ್ತರು. ಹೊರಬಂದವನು, "ಏನು ಸದ್ದು ಮಾಡುತ್ತೆ ಕಣೇ ಆ ಯಂತ್ರ. ಯಾರೂ ಎಣ್ಣೇನೇ ಬಿಟ್ಟಿಲ್ಲ," ಎಂದ. ನಾನು ನಕ್ಕೆ. ಅಪ್ಪ ಮುಖ ಆಚೆ ತಿರುಗಿಸಿಕೊಂಡ.

ಆ ಕಾಲದಷ್ಟು ಗಿರಾಕಿಗಳು ಈಗಿಲ್ಲ. ಆದರೂ ಅಣ್ಣ ಹಲಗೆಗೆ ಕಿವಿಯೊತ್ತುತ್ತಾನೆ, ಅವನು ಹೇಳುವವರೆಗೆ ಅಪ್ಪ ಎಣ್ಣೆಡಬ್ಬಿ ಹಿಡಿದು ಕಾಯುತ್ತಾನೆ.

ನಿಮ್ಮ ಮನೆಯಲ್ಲೂ ಈ ಕಾಯಿಲೆಯವರು ಇರಬಹುದು. ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ. ಅದರ ಬದಲಿಗೆ ಯಾವ ಪುಡಿಯನ್ನೂ ಕೊಡಬೇಡಿ. ಸ್ಕ್ಯಾನಿಗೆ ಕರೆದರೆ ಹೆದರದೆ ಎಲ್ಲ ಕೇಳಿ ತಿಳಿದು, ಆಮೇಲೆ ತೀರ್ಮಾನಿಸಿ. ಕಾಯಿಲೆಯಿಂದಾಗಿ ನಿಮ್ಮವರು ಬಿಟ್ಟ ಕೆಲಸವೊಂದು ಅವರಿಗಾಗಿ ಇನ್ನೂ ಕಾದಿರುತ್ತದೆ.