ಚಿಕ್ಕ ಹೊಟ್ಟೆಯ ಬೀಗರು

ಮುಂಬಯಿಯ ಡಾಕ್ಟರರು ಧನಪಾಲನ ಹೊಟ್ಟೆಯನ್ನು ಹೊಲಿದು, ಒಂದು ಸಣ್ಣ ಬಟ್ಟಲಿನಷ್ಟು ಮಾಡಿ ಊರಿಗೆ ಕಳಿಸಿದ್ದು ತೊಂಬತ್ತೆಂಟರ ದೀಪಾವಳಿಯ ಹಿಂದೆಮುಂದೆ. ಅದಕ್ಕೂ ಮೊದಲು ಶೇಡಬಾಳದಲ್ಲಿ ಅವನು ಉಣ್ಣದ ಪಂಕ್ತಿಯೇ ಇರಲಿಲ್ಲ. ನೂರಾ ನಲವತ್ತೆರಡು ಕಿಲೋ ತೂಗುತ್ತಿದ್ದ. ಬಟ್ಟೆ ಅಂಗಡಿ ಅವನದೇ, ಆದರೆ ಅವನ ಅಳತೆಯ ಬನಿಯನ್ ಅಲ್ಲಿ ಇರುತ್ತಿರಲಿಲ್ಲ. ಕೊನೆಗೆ ಮೊಣಕಾಲುಗಳು ಮಾತು ಕೇಳದಾದವು, ಮಲಗಿದರೆ ಉಸಿರು ಕಟ್ಟತೊಡಗಿತು, ರಕ್ತದಲ್ಲಿ ಸಕ್ಕರೆ ಏರಿತು. ಮುಂಬಯಿಯಲ್ಲಿದ್ದ ಭಾವಮೈದುನ, ಅಂದರೆ ಹೆಂಡತಿ ಮಂಗಲಳ ತಮ್ಮ, ಹಟ ಹಿಡಿದು ಕರೆದೊಯ್ದು ಆಪರೇಷನ್ ಮಾಡಿಸಿದ.

ಬರುವಾಗ ಆಸ್ಪತ್ರೆಯವರು ಟೈಪು ಮಾಡಿದ ಒಂದು ಹಾಳೆ ಕೊಟ್ಟಿದ್ದರು. ಮೊದಲು ಬೇಳೆ, ಕಾಳು, ಮೊಸರು. ಬಟ್ಟಲಿನಲ್ಲಿ ಜಾಗ ಉಳಿದರೆ ಮಾತ್ರ ಎರಡು ಚಮಚೆಯಷ್ಟು ಪಿಷ್ಟದ ಪದಾರ್ಥ. ನಿಧಾನವಾಗಿ ಅಗಿಯಬೇಕು, ಊಟದ ನಡುವೆ ನೀರು ಕುಡಿಯಬಾರದು. ಪಿಷ್ಟದ ಪದಾರ್ಥಗಳ ಪಟ್ಟಿಯಲ್ಲಿ ಮೊದಲನೆಯದು ಹಿಸುಕಿದ ಆಲೂಗಡ್ಡೆ.

ಮನೆತನ ಜೈನರದು. ಧನಪಾಲನ ತಾಯಿ ಗಂಗೂಬಾಯಿ ಮಣ್ಣೊಳಗೆ ಬೆಳೆದ ಗಡ್ಡೆಯನ್ನು ಹುಟ್ಟಿದಾಗಿನಿಂದ ಅಡುಗೆಮನೆಗೆ ಬಿಟ್ಟುಕೊಂಡವಳಲ್ಲ. ಎರಡನೆಯದು ಮ್ಯಾಕರೋನಿ. ಅದು ಏನೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಾಳೆಯ ಕೊನೆಗೆ, ಯಾವುದು ಹಿಡಿಸುತ್ತದೆಂದು ನೀವೇ ನೋಡಿಕೊಳ್ಳಿ ಎಂದು ಬರೆದಿತ್ತು.

"ನೋಡೂದೇನೈತಿ ಅದರಾಗ," ಎಂದಳು ಗಂಗೂಬಾಯಿ. "ಹೊಟ್ಟಿ ಹೊಲಗಿ ಇನ್ನೂ ಹಸಿ ಐತಿ. ಕೂಸಿಗೆ ಉಣಿಸಿಧಾಂಗ ಮೆತ್ತಗ ಉಣಿಸೂದು."

ಅನ್ನವನ್ನು ಮುದ್ದೆಯಂತೆ ಬೇಯಿಸಿ, ತುಪ್ಪ ಹಾಕಿ ಕಲಸಿ ಕೊಟ್ಟಳು. ಮೂರು ತುತ್ತು ಇಳಿದವು. ನಾಲ್ಕನೆಯದು ಎದೆಯ ನಡುವೆ ಕುಳಿತುಬಿಟ್ಟಿತು. ಬಾಯಿ ತುಂಬ ನೀರೂರಿ, ಧನಪಾಲ ಬಚ್ಚಲಿಗೆ ಓಡಿದ. ಮರುದಿನ ಇನ್ನೂ ಮೆತ್ತಗೆ ಬೇಯಿಸಿದಳು, ಅದು ಇನ್ನೂ ಬೇಗ ಕುಳಿತಿತು. ಚಪಾತಿಯನ್ನು ಹಾಲಿನಲ್ಲಿ ನೆನೆಸಿದ್ದೂ ಆಯಿತು. ಮಿರಜದಿಂದ ತರಿಸಿದ ಹತ್ತಿಯಂಥ ಬ್ರೆಡ್ಡು ಎಲ್ಲಕ್ಕಿಂತ ಹೆಚ್ಚು ಕಾಡಿತು. ಜೋಳದ ರೊಟ್ಟಿಯ ಮಾತನ್ನು ಮಾತ್ರ ಯಾರೂ ಎತ್ತುವ ಹಾಗಿರಲಿಲ್ಲ. ಗಟ್ಟಿ ತಿಂದರೆ ಹೊಲಿಗೆ ಹರಿಯುತ್ತದೆ ಎಂದು ಗಂಗೂಬಾಯಿ ರೊಟ್ಟಿ ಬುಟ್ಟಿಯನ್ನು ಮಗನ ಕಣ್ಣಿಗೂ ಬೀಳದಂತೆ ಎತ್ತಿಟ್ಟಿದ್ದಳು.

ಹೀಗೆ ಬೇಳೆಕಟ್ಟು, ಮೊಸರು, ಬೇಯಿಸಿದ ಹೆಸರುಕಾಳಿನ ಮೇಲೆ ನಾಲ್ಕು ತಿಂಗಳು ಕಳೆದವು. ತೂಕವೇನೋ ಇಳಿಯಿತು. ಆದರೆ ಧನಪಾಲನಿಗೆ ದಿನಕ್ಕೆ ಮೂರು ಸಲ ಎಲೆಯ ಮುಂದೆ ಕುಳಿತೂ ಉಂಡೆನೆಂಬ ಭಾವನೆ ಬರುತ್ತಿರಲಿಲ್ಲ.

ಮಾರ್ಚಿನಲ್ಲಿ ಮಗಳು ಕುಸುಮಳ ಸಾಖರಪುಡೆ ಬಂತು. ಗಂಡಿನ ಕಡೆಯವರು ನಿಪ್ಪಾಣಿಯ ತಂಬಾಕಿನ ವ್ಯಾಪಾರಿಗಳು. ನಿಶ್ಚಯದ ಶಾಸ್ತ್ರ ತಮ್ಮ ಮನೆಯಲ್ಲೇ ಆಗಲಿ ಎಂದಿದ್ದರು. ಚಿಕ್ಕೋಡಿ ದಾಟುವಾಗ ಬಾಡಿಗೆಯ ಟ್ರ್ಯಾಕ್ಸ್ ಜೀಪಿನಲ್ಲಿ ಮಂಗಲ ಗಂಡನ ಕಿವಿಯಲ್ಲಿ ಹೇಳಿದಳು.

"ಆಪರೇಷನ್ ಸುದ್ದಿ ತಗೀಬ್ಯಾಡ್ರಿ. ಏನರ ದೊಡ್ಡ ರೋಗ ಐತಿ ಅಂತ ತಿಳಕೊಂಡಾರು."

"ಊಟಕ್ಕ ಕುಂತಾಗ?"

"ಹೋಳಿಗಿ ಬ್ಯಾಡ, ಸಕ್ಕರಿ ಏರತೈತಿ. ಪೂರಿ ಎಣ್ಣಿ. ಅನ್ನಂತೂ ನಿಮಗ ಆಗಂಗಿಲ್ಲ."

"ಹಂಗಾರ ಬಾಳಿ ಎಲಿ ತಿನ್ಲೇನು?"

ಮುಂದಿನ ಸೀಟಿನಲ್ಲಿದ್ದ ಕುಸುಮ ನಕ್ಕಳು. ಮಂಗಲ ನಗಲಿಲ್ಲ.

ಶಾಸ್ತ್ರ ಚೆಂದವಾಗಿ ನಡೆಯಿತು. ಮಧ್ಯಾಹ್ನ ಪಂಕ್ತಿ ಹಾಕಿದರು. ಗಂಡಿನ ತಂದೆ ಬಾಪುಸಾಹೇಬ ಅಗಲ ಎದೆಯ, ಅದಕ್ಕಿಂತ ಅಗಲ ಹೊಟ್ಟೆಯ ಮನುಷ್ಯ. ಹೋಳಿಗೆಯ ಪರಾತ ಹಿಡಿದು ತಾನೇ ಬಡಿಸಲು ನಿಂತ.

"ಬೀಗ್ರ, ಒಂದ ಪಂಕ್ತ್ಯಾಗ ಹದಿನೆಂಟ ಹೋಳಿಗಿ ಉಂಡೀರಂತ ಕೇಳೇನಿ. ಇವತ್ತ ನಮ್ಮನ್ಯಾಗ ಇಪ್ಪತ್ತ ಆಗಬೇಕು."

ಆ ಮಾತು ಸುಳ್ಳಲ್ಲ. ಧನಪಾಲ ಎಲೆಯನ್ನು ಒಮ್ಮೆ ಎಡದಿಂದ ಬಲಕ್ಕೆ ನೋಡಿದ. ಹೋಳಿಗೆ, ಪೂರಿ, ಮಸಾಲೆ ಅನ್ನ, ಶಾವಿಗೆ ಪಾಯಸ. ನಾಲ್ಕರಲ್ಲಿ ಒಂದನ್ನು ಆರಿಸಲೇಬೇಕು. ಮೊದಲು ಹೆಸರುಕಾಳಿನ ಪಲ್ಯ ತಿನ್ನಬೇಕೆಂಬುದು ನೆನಪಿತ್ತು. ಆದರೆ ಬೀಗರು ಎದುರಿಗೆ ನಿಂತು ಹೋಳಿಗೆಯನ್ನೇ ನೋಡುತ್ತಿರುವಾಗ ಕಾಳಿಗೆ ಕೈ ಹಾಕುವುದು ಹೇಗೆ? ತುಪ್ಪದಲ್ಲಿ ಜಾರಿ ಇಳಿದೀತೆಂಬ ಆಸೆಯಿಂದ ಹೋಳಿಗೆಯ ಒಂದು ಚೂರು ಮುರಿದು ಬಾಯಿಗಿಟ್ಟ. ಇನ್ನೂ ಹತ್ತು ಸಲ ಅಗಿದಿರಲಿಲ್ಲ, ಬಾಪುಸಾಹೇಬ ಕೇಳಿದ, "ಹೆಂಗ ಆಗೈತ್ರಿ?" ಉತ್ತರ ಕೊಡಬೇಕೆಂದು ಧನಪಾಲ ನುಂಗಿದ.

ಕುಳಿತಿತು.

ಎದೆ ಬಿಗಿಯಿತು, ಕಣ್ಣಲ್ಲಿ ನೀರು ತುಂಬಿತು. ಬಾಪುಸಾಹೇಬ ಆ ನೀರನ್ನು ನೋಡಿ, ಬಗ್ಗಿ ಅವನ ಹೆಗಲು ತಟ್ಟಿದ.

"ಮಗಳ ಮ್ಯಾಲಿನ ಮಾಯಾ ಅದು. ಕಾಳಜಿ ಮಾಡಬ್ಯಾಡ್ರಿ, ನಮ್ಮನಿ ಮಗಳಾಗಿ ಇರತಾಳ," ಎಂದು ಪಂಕ್ತಿಗೆಲ್ಲ ಕೇಳುವಂತೆ ಹೇಳಿ, ಇನ್ನೆರಡು ಹೋಳಿಗೆ ಹಾಕಿದ.

ಧನಪಾಲ ಎದ್ದ. ಪಂಕ್ತಿಯ ನಡುವೆ ಎದ್ದರೆ ಏನು ಅರ್ಥವೆಂದು ಅವನಿಗೆ ಗೊತ್ತಿತ್ತು. ಬೇರೆ ದಾರಿ ಇರಲಿಲ್ಲ. ಬಾಯಿಗೆ ಟವೆಲ್ಲು ಒತ್ತಿಕೊಂಡು ಹಿತ್ತಲಿಗೆ ನಡೆದು, ಮೋರಿಯ ಹತ್ತಿರ ಬಗ್ಗಿದ.

ಮುಖ ತೊಳೆದು ತಿರುಗಿದಾಗ ಹಿತ್ತಲ ಪಡಸಾಲೆಯಲ್ಲಿ ಒಬ್ಬ ಮುದುಕಿ ಊಟದ ಗಂಗಾಳದ ಮುಂದೆ ಕುಳಿತು ಅವನನ್ನೇ ನೋಡುತ್ತಿದ್ದಳು. ಬಾಪುಸಾಹೇಬನ ತಾಯಿ ಕಸ್ತೂರೆವ್ವ. ಬಾಯಲ್ಲಿ ಒಂದು ಹಲ್ಲೂ ಇಲ್ಲ.

"ಅಡಗಿ ಹಿಡಸಲಿಲ್ಲೇನ್ ಬೀಗರಾ?"

ಅವಳ ಮುಖ ನೋಡಿ ಧನಪಾಲನಿಗೆ ಸುಳ್ಳು ಹೊರಡಲಿಲ್ಲ.

"ಹೊಟ್ಟಿ ಹೊಲಿಸೀನ್ರಿ ಆಯಿ."

"ಹರದಿತ್ತೇನು?"

"ಇಲ್ರಿ. ದೊಡ್ಡದಾಗಿತ್ತು."

ಕಸ್ತೂರೆವ್ವ ಏನೇನು ಇಳಿಯುತ್ತದೆ, ಏನೇನು ಇಳಿಯುವುದಿಲ್ಲ ಎಂದು ಒಂದೊಂದಾಗಿ ಕೇಳಿ, ಪಂಕ್ತಿಯಲ್ಲಿ ಆದದ್ದನ್ನೂ ಅವನ ಬಾಯಿಂದ ತಿಳಿದುಕೊಂಡಳು. ಆಮೇಲೆ ಪಕ್ಕದ ಮಣೆಯನ್ನು ಅವನ ಕಡೆಗೆ ನೂಕಿದಳು.

"ನನಗ ಹಲ್ಲಿಲ್ಲ, ನಿನಗ ಹೊಟ್ಟಿ ಇಲ್ಲ. ಕುಂದ್ರ ಬಾ. ಮೆತ್ತಂದು ಅಂಟಕೋತೈತಿ, ನನಗೂ ಗಂಟಲದಾಗ ಹಂಗ ಆಗತೈತಿ. ನಾ ಕಡಕ್ ರೊಟ್ಟಿನ ತಿಂತೇನಿ."

"ಹಲ್ಲಿಲ್ದ ಹೆಂಗ್ರಿ?"

"ಅವಸರ ಇಲ್ಲಲಾ ನನಗ."

ಅವಳ ಗಂಗಾಳದಲ್ಲಿ ಎಳ್ಳು ಹಚ್ಚಿ ಒಣಗಿಸಿದ ಜೋಳದ ರೊಟ್ಟಿ ಹಪ್ಪಳದಂತೆ ನಿಂತಿತ್ತು. ಎದೆಯ ಬಿಗಿ ಪೂರ್ತಿ ಇಳಿಯುವವರೆಗೆ ಅವಳು ಅವನಿಗೆ ಏನೂ ಕೊಡಲಿಲ್ಲ. ಆಮೇಲೆ ಮೊದಲು ಹೆಸರುಕಾಳು ಕೊಟ್ಟಳು. ನಂತರ ರೊಟ್ಟಿಯನ್ನು ತೊಗರಿಬೇಳೆಯಷ್ಟು ಮುರಿದು ಅಂಗೈಯಲ್ಲಿಟ್ಟಳು. ಧನಪಾಲ ಅಂಜುತ್ತ ಅಗಿದ. ರೊಟ್ಟಿ ಮುದ್ದೆಯಾಗಲಿಲ್ಲ, ಪುಡಿಯಾಯಿತು, ಪುಡಿ ನುಣ್ಣಗಾಯಿತು, ಜೋಳದ ಸಿಹಿ ನಾಲಗೆಗೆ ಹತ್ತಿತು. ನುಂಗಿ ಕಾದ. ಎದೆ ಸುಮ್ಮನಿತ್ತು. ಇನ್ನೊಂದು ಚೂರಿಗೆ ಕೈ ಚಾಚಿದ. ಕಸ್ತೂರೆವ್ವ ಆ ಕೈಗೆ ಮೆಲ್ಲಗೆ ಹೊಡೆದಳು.

"ನಾ ನುಂಗಿದ ಮ್ಯಾಲ ನೀ ನುಂಗಬೇಕು. ಆಮ್ಯಾಲ ಮುಂದಿಂದು."

ಹೀಗೆ ಅರ್ಧ ತಾಸಿನಲ್ಲಿ ಇಬ್ಬರೂ ಸೇರಿ ಅರ್ಧ ರೊಟ್ಟಿ ತಿಂದರು. ನಾಲ್ಕು ತಿಂಗಳ ಮೇಲೆ ಮೊದಲ ಸಲ ಧನಪಾಲನಿಗೆ ಉಂಡಂತಾಯಿತು.

ಅಷ್ಟರಲ್ಲಿ ಬಾಪುಸಾಹೇಬ ಹುಡುಕುತ್ತ ಬಂದ. ಅವನ ಹಿಂದೆ ಬಣ್ಣಗೆಟ್ಟ ಮುಖದ ಮಂಗಲ.

"ನಮ್ಮಿಂದ ಏನ್ ತಪ್ಪಾತ್ರಿ ಬೀಗ್ರ?"

"ತಪ್ಪ ನಿಂದ," ಎಂದಳು ಕಸ್ತೂರೆವ್ವ. "ಬಾಯಾಗ ತುತ್ತ ಇದ್ದಾವನ್ನ ಮಾತಾಡಿಸಿದಿ." ಎಂದು ನಡೆದದ್ದನ್ನೆಲ್ಲ, ಹೊಟ್ಟೆಯ ಹೊಲಿಗೆಯ ಸಮೇತ, ಹೇಳಿಬಿಟ್ಟಳು. ಮಂಗಲ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಳು.

ಬಾಪುಸಾಹೇಬ ಬೀಗರ ಸಡಿಲಾದ ಕಾಲರನ್ನು ನೋಡಿದ. ಆಮೇಲೆ ಕಂಬ ಹಿಡಿದು, ಉಸ್ಸೆಂದು, ಅವರ ಪಕ್ಕದಲ್ಲೇ ಕುಳಿತುಕೊಂಡ.

"ಎಷ್ಟ ಕಿಲೋ ಇಳದ್ರಿ?"

"ಮೂವತ್ತನಾಕು."

"ಮಾಳಗಿ ಮೆಟ್ಟಲಾ ಹತ್ತತೀರೇನು?"

"ನಡುವ ನಿಂದ್ರದ ಹತ್ತತೇನ್ರಿ."

ಮಂಗಲ ಬೆರಳಿಗೆ ಸುತ್ತಿದ್ದ ಸೆರಗನ್ನು ಬಿಟ್ಟಳು. ಬಾಪುಸಾಹೇಬ ಒಳಮನೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ.

"ಆ ಡಾಕ್ಟರ್ ಹೆಸರ ಹೇಳ್ರಿ. ಅದಕೂ ಮೊದಲ ಒಂದ ಖರೇ ಮಾತ ಹೇಳ್ರಿ. ಹೋಳಿಗಿ ಪೂರಾ ಬಂದ್ ಏನು?"

"ಒಂದ ಚೂರ ತಿನ್ನಬಹುದೇನೋ," ಎಂದ ಧನಪಾಲ. "ಬೀಗ್ರು ಮುಂದ ನಿಂತ ಮಾತಾಡಸದಿದ್ರ."